ಕಡಲ ತಳದ ಕಲ್ಲು, ಕೂರಿಗೆಯ ಕಾಳು

ಮಿರಗದ ಮಳೆ ಬಿದ್ದು ನೆಲ ಹದಕ್ಕೆ ಬಂದ ವಾರದಲ್ಲಿ ಉತ್ತರ ಕರ್ನಾಟಕದ ಯಾವ ಊರಿನ ಸೊಸೈಟಿ ಮುಂದೆ ನಿಂತರೂ ಕಿವಿಗೆ ಬೀಳುವ ಮಾತು ಒಂದೇ: ‘ಡಿಎಪಿ ಬಂತೇನ್ರಿ?’ ಯೂರಿಯಾ ನಾಲ್ಕು ದಿನ ತಡವಾದರೆ ರೈತ ಗೊಣಗುತ್ತಾನೆ, ಆದರೂ ತಡೆದುಕೊಳ್ಳುತ್ತಾನೆ. ಅದು ಮೇಲುಗೊಬ್ಬರ, ಬೆಳೆ ಎದ್ದು ನಿಂತ ಮೇಲೆ ಕೊಡುವಂಥದ್ದು. ಡಿಎಪಿ, ಅಂದರೆ ಡೈಅಮೋನಿಯಂ ಫಾಸ್ಫೇಟ್, ತಳಗೊಬ್ಬರ. ಬೀಜದ ಸಂಗಡವೇ ಕೂರಿಗೆಯ ಸಾಲಿಗೆ ಇಳಿಯಬೇಕು. ಹದ ಆರಿದ ಮೇಲೆ ಬಂದ ಡಿಎಪಿ ಆ ಹಂಗಾಮಿಗೆ ಬಂದೂ ಬಾರದ ಲೆಕ್ಕ.

ಆ ಚೀಲದ ಮೇಲೆ 18-46-0 ಎಂದು ಅಚ್ಚಾಗಿರುತ್ತದೆ. ಮೊದಲಿನದು ಸಾರಜನಕ, ನಡುವಿನದು ರಂಜಕ, ಕೊನೆಯದು ಪೊಟ್ಯಾಷ್. ಐವತ್ತು ಕಿಲೋ ಚೀಲದಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕ ಎಂದಾಯಿತು. ರಂಜಕವನ್ನು ಅದರ ಆಕ್ಸೈಡಿನ ತೂಕದಲ್ಲಿ ಹೇಳುವುದು ಗೊಬ್ಬರದ ವ್ಯವಹಾರದಲ್ಲಿ ಹಿಂದಿನಿಂದ ಬಂದ ರೂಢಿ. ಬರೀ ರಂಜಕವನ್ನೇ ತೂಗಿದರೆ ಹತ್ತು ಕಿಲೋ ಅಷ್ಟೆ. ಈ ಹತ್ತು ಕಿಲೋ ಚೀಲದೊಳಗೆ ಬಂದು ಕೂರಬೇಕಾದರೆ ಸುಮಾರು 80 ಕಿಲೋ ಕಲ್ಲನ್ನು ಅಗೆದು ಪುಡಿ ಮಾಡಿರಬೇಕು. ಆ ಪುಡಿಯನ್ನು 60 ಕಿಲೋಗೂ ಹೆಚ್ಚು ಗಂಧಕಾಮ್ಲದಲ್ಲಿ ಕರಗಿಸಿರಬೇಕು. ಇದೆಲ್ಲ ಮುಗಿದ ಮೇಲೆ ಸುಮಾರು 115 ಕಿಲೋ ಜಿಪ್ಸಂ ಯಾವುದೋ ಕಾರ್ಖಾನೆಯ ಹಿತ್ತಲಲ್ಲಿ ಗುಡ್ಡೆ ಬಿದ್ದಿರುತ್ತದೆ. ಚೀಲ ಹೊತ್ತು ಟ್ರ್ಯಾಕ್ಟರಿಗೆ ಹಾಕುವ ಹೆಗಲಿಗೆ ಈ ಭಾರ ತಾಗುವುದಿಲ್ಲ. ಆದರೆ ಗೊಬ್ಬರದ ಬೆಲೆ, ಅಭಾವ, ಸರತಿ ಸಾಲು ಎಲ್ಲದರ ಬೇರು ಈ ಲೆಕ್ಕದಲ್ಲೇ ಇದೆ.

ಸಾರಜನಕಕ್ಕೆ ಬರ ಎಂಬುದಿಲ್ಲ. ನಾವು ಉಸಿರಾಡುವ ಗಾಳಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಅದೇ. ತೊಗರಿ, ಶೇಂಗಾ, ಹೆಸರಿನ ಬೇರುಗಂಟುಗಳು ಅದನ್ನು ಪುಕ್ಕಟೆಯಾಗಿ ಹಿಡಿದು ಕೊಡುತ್ತವೆ. ರಂಜಕ ಗಾಳಿಯಲ್ಲಿಲ್ಲ, ಮಳೆಯಲ್ಲಿಲ್ಲ. ಯಾವ ಬೇಳೆಯ ಬೇರೂ ಅದನ್ನು ಹೊಸದಾಗಿ ಉಂಟುಮಾಡಲಾರದು. ಅದಕ್ಕೆ ಬದಲಿ ವಸ್ತುವೂ ಇಲ್ಲ. ಜೀವಕೋಶದ ವಂಶವಾಹಿಯ ಬೆನ್ನೆಲುಬೇ ರಂಜಕ. ಒಬ್ಬ ಮನುಷ್ಯನ ಮೈಯಲ್ಲಿ ಏಳುನೂರು ಗ್ರಾಂನಷ್ಟು ರಂಜಕ ಇರುತ್ತದೆ, ಅದರಲ್ಲಿ ಹೆಚ್ಚಿನದು ಮೂಳೆ ಹಲ್ಲುಗಳಲ್ಲಿ. ಇಷ್ಟು ಮುಖ್ಯವಾದ ವಸ್ತುವಿಗೆ ನಾವು ನೆಚ್ಚಿಕೊಂಡಿರುವುದು ಕಲ್ಲನ್ನು. ಆ ಕಲ್ಲೂ ಲೋಕದ ಎಲ್ಲ ಕಡೆ ಸಿಗುವಂಥದ್ದಲ್ಲ.

ಶಾರ್ಕ್ ಹಲ್ಲಿನ ಗಣಿ

ಮೊರಾಕೊ ದೇಶದ ಕಾಸಾಬ್ಲಾಂಕಾದಿಂದ ಒಳನಾಡಿಗೆ ಹೋದರೆ ಖುರಿಬ್ಗಾ ಎಂಬ ಒಣ ಪ್ರಸ್ಥಭೂಮಿ ಸಿಗುತ್ತದೆ. ಮೇಲ್ಮಣ್ಣನ್ನು ದೈತ್ಯ ಯಂತ್ರಗಳು ಸರಿಸಿದ ಕಡೆ ಸುಣ್ಣದ ಕಲ್ಲಿನ ನಡುನಡುವೆ ಮಾಸಲು ಬಣ್ಣದ, ಮರಳಿನಂಥ ಪದರಗಳು ಕಾಣುತ್ತವೆ. ಅದೇ ಫಾಸ್ಫೇಟ್ ಶಿಲೆ. ಅದರೊಳಗೆ ಶಾರ್ಕ್ ಮೀನಿನ ಹಲ್ಲುಗಳು ರಾಶಿರಾಶಿಯಾಗಿ ಸಿಗುತ್ತವೆ. ಬುಡ ಕಂದು, ತುದಿ ಇನ್ನೂ ಹೊಳಪು. ಮೊಸಸಾರ್ ಎಂಬ ಕಡಲ ಸರೀಸೃಪಗಳ ದವಡೆಗಳೂ ಸಿಕ್ಕಿವೆ. ಜಗತ್ತಿನ ಎಷ್ಟೋ ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಯಲ್ಲಿರುವ ಪಳೆಯುಳಿಕೆಗಳು ಈ ಗೊಬ್ಬರದ ಗಣಿಗಳಿಂದಲೇ ಹೋದವು.

ಸುಮಾರು ಏಳು ಕೋಟಿಯಿಂದ ಐದು ಕೋಟಿ ವರ್ಷಗಳ ಹಿಂದೆ ಅಲ್ಲಿ ಆಳವಿಲ್ಲದ ಬೆಚ್ಚನೆಯ ಕಡಲಿತ್ತು. ಸಾಗರದ ತಳದಿಂದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆದ್ದು ಬರುತ್ತಿತ್ತು. ಅದನ್ನುಂಡು ಪಾಚಿ ಬೆಳೆಯಿತು, ಪಾಚಿ ತಿಂದು ಮೀನು ಬೆಳೆಯಿತು, ಸತ್ತದ್ದೆಲ್ಲ ತಳ ಸೇರಿತು. ಕೆಸರಿನಲ್ಲಿ ಬಿಡುಗಡೆಯಾದ ರಂಜಕ ಸುಣ್ಣದೊಡನೆ ಕೂಡಿ ಕಾಳುಕಾಳಾಗಿ ಗಟ್ಟಿಯಾಯಿತು. ಕೋಟ್ಯಂತರ ವರ್ಷ ನಡೆದ ಈ ಕೆಲಸಕ್ಕೆ ನಾವು ಅವಸರ ಮಾಡಲು ಬರುವುದಿಲ್ಲ.

ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಅಂದಾಜಿನಂತೆ ಲೋಕದ ಫಾಸ್ಫೇಟ್ ನಿಕ್ಷೇಪ ಏಳು ಸಾವಿರ ಕೋಟಿ ಟನ್ನಿಗೂ ಮಿಕ್ಕಿದೆ. ಅದರಲ್ಲಿ ಐದು ಸಾವಿರ ಕೋಟಿ ಟನ್ ಮೊರಾಕೊ ಮತ್ತು ಪಶ್ಚಿಮ ಸಹಾರಾದಲ್ಲಿದೆ. ಪೆಟ್ರೋಲಿನ ವಿಷಯದಲ್ಲಿ ಯಾವ ಒಂದು ದೇಶಕ್ಕೂ ಇಂಥ ಹಿಡಿತವಿಲ್ಲ. ಆ ಹಿಡಿತ ಇರುವುದು ಒಸಿಪಿ ಎಂಬ ಸಂಸ್ಥೆಯ ಕೈಯಲ್ಲಿ. 1920ರಲ್ಲಿ ಹುಟ್ಟಿ ಮರುವರ್ಷವೇ ಗಣಿ ಕೆಲಸ ಶುರುಮಾಡಿದ ಈ ಸಂಸ್ಥೆ ಇವತ್ತು ಮೊರಾಕೊ ಸರ್ಕಾರದ್ದು. 2014ರಿಂದ ಖುರಿಬ್ಗಾದ ಶಿಲೆಯ ಪುಡಿಯನ್ನು ನೀರಿನಲ್ಲಿ ಕಲಸಿ, 187 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಅಟ್ಲಾಂಟಿಕ್ ತೀರದ ಜೋರ್ಫ್ ಲಸ್ಫರ್ ಬಂದರಿಗೆ ಹರಿಸುತ್ತಾರೆ. ಪ್ರಸ್ಥಭೂಮಿಯಿಂದ ಕಡಲಿಗೆ ಇಳಿಜಾರು ಇರುವುದರಿಂದ ಬಹುಪಾಲು ತನ್ನ ಭಾರಕ್ಕೆ ತಾನೇ ಇಳಿದು ಹೋಗುತ್ತದೆ.

ಪಶ್ಚಿಮ ಸಹಾರಾದ್ದು ಬೇರೆಯೇ ಕಥೆ. ಬು ಕ್ರಾ ಗಣಿಯಿಂದ ಸಮುದ್ರದವರೆಗೆ ಮರುಭೂಮಿಯಲ್ಲಿ ಸುಮಾರು ನೂರು ಕಿಲೋಮೀಟರ್ ಉದ್ದದ ಸಾಗಣೆ ಪಟ್ಟಿ ಓಡುತ್ತದೆ. ಸ್ಪೇನ್ ಕೈಬಿಟ್ಟ 1975ರ ನಂತರ ಆ ನೆಲ ಯಾರದ್ದು ಎಂಬ ಜಗಳ ಇನ್ನೂ ಹರಿದಿಲ್ಲ. 2017ರಲ್ಲಿ ನ್ಯೂಜಿಲೆಂಡಿಗೆ ಹೊರಟಿದ್ದ ಅಲ್ಲಿನ ಫಾಸ್ಫೇಟಿನ ಹಡಗೊಂದನ್ನು ದಕ್ಷಿಣ ಆಫ್ರಿಕಾದಲ್ಲಿ ನ್ಯಾಯಾಲಯದ ಆದೇಶದ ಮೇಲೆ ತಡೆಹಿಡಿಯಲಾಗಿತ್ತು. ಸಹ್ರಾವಿ ಜನರ ಸ್ವತ್ತನ್ನು ಅವರ ಒಪ್ಪಿಗೆಯಿಲ್ಲದೆ ಮಾರುತ್ತಿದ್ದಾರೆ ಎಂಬುದು ದೂರು.

ನಮ್ಮ ದೇಶದಲ್ಲಿ ಈ ಕಲ್ಲು ಇಲ್ಲವೇ ಇಲ್ಲ ಎಂದಲ್ಲ. ರಾಜಸ್ಥಾನದ ಉದಯಪುರದ ಬಳಿ ಝಾಮರಕೋಟಡಾದಲ್ಲಿ 1968ರಲ್ಲಿ ಒಳ್ಳೆಯ ನಿಕ್ಷೇಪ ಸಿಕ್ಕಿತು. ಅಲ್ಲಿಯದು ಮೀನಿನ ಕಾಲಕ್ಕಿಂತ ಬಹಳ ಹಿಂದಿನದು. ಭೂಮಿಯಲ್ಲಿ ಸೂಕ್ಷ್ಮಜೀವಿಗಳಷ್ಟೇ ಇದ್ದ ಯುಗದಲ್ಲಿ ಅವುಗಳ ಚಾಪೆಗಳು ಕಂಬಕಂಬವಾಗಿ ಬೆಳೆದು ಹಿಡಿದಿಟ್ಟ ರಂಜಕ. ಮಧ್ಯಪ್ರದೇಶ, ಉತ್ತರಾಖಂಡಗಳಲ್ಲೂ ಅಷ್ಟಿಷ್ಟು ಇದೆ. ಆದರೆ ಬಹುಪಾಲು ಕಡಿಮೆ ದರ್ಜೆಯದು, ಡಾಲೊಮೈಟ್ ಕಲಬೆರಕೆ ಹೆಚ್ಚು. ಕಲ್ಲಾಗಿಯೋ ಆಮ್ಲವಾಗಿಯೋ ಸಿದ್ಧ ಗೊಬ್ಬರವಾಗಿಯೋ, ನಮಗೆ ಬೇಕಾದ ರಂಜಕದ ಹೆಚ್ಚಿನ ಪಾಲು ಹೊರಗಿನಿಂದಲೇ ಬರಬೇಕು.

ಮೂಳೆಯಿಂದ ಶುರುವಾದದ್ದು

ಫಾಸ್ಫೇಟ್ ಶಿಲೆಯ ಒಡಲು ಅಪಟೈಟ್ ಎಂಬ ಖನಿಜ. ನಮ್ಮ ಮೂಳೆ, ಹಲ್ಲುಗಳಲ್ಲಿರುವುದೂ ಇದೇ ಕುಟುಂಬದ ಖನಿಜ. ರಂಜಕವನ್ನು ಸುಣ್ಣ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಜೊತೆಗೆ ಫ್ಲೋರಿನ್ ಸೇರಿ ಆ ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿರುತ್ತದೆ. ನೀರಿಗೆ ಇದು ಕರಗುವುದಿಲ್ಲ. ಬೇರಿಗೆ ಬೇಕಾದದ್ದೋ ನೀರಲ್ಲಿ ಕರಗಿದ ರಂಜಕ. ಗೊಬ್ಬರ ಕಾರ್ಖಾನೆಯ ಅಷ್ಟೂ ಕೊಳವೆ, ತೊಟ್ಟಿ, ಗೋಪುರಗಳ ಕೆಲಸ ಸುಣ್ಣದ ಕೈಯಿಂದ ರಂಜಕವನ್ನು ಬಿಡಿಸುವುದು.

ಇದನ್ನು ಮೊದಲು ಮೂಳೆಯ ಮೇಲೆ ಮಾಡಿ ನೋಡಿದರು. ಜರ್ಮನಿಯ ರಸಾಯನವಿಜ್ಞಾನಿ ಯೂಸ್ಟುಸ್ ಫಾನ್ ಲೀಬಿಗ್ 1840ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮೂಳೆಪುಡಿಗೆ ಗಂಧಕಾಮ್ಲ ಹಾಕಿ ಬಳಸಿದರೆ ಬೆಳೆಗೆ ಬೇಗ ದಕ್ಕುತ್ತದೆ ಎಂದು ಬರೆದ. ಇಂಗ್ಲೆಂಡಿನ ಜಮೀನುದಾರ ಜಾನ್ ಬೆನೆಟ್ ಲಾಸ್ ಅಷ್ಟರಲ್ಲೇ ರೋಥಮ್‌ಸ್ಟೆಡ್‌ನ ತನ್ನ ಹೊಲದಲ್ಲಿ, ಕುಂಡಗಳಲ್ಲಿ ಪ್ರಯೋಗ ನಡೆಸಿದ್ದ. ಅವನು ಮೂಳೆಯಲ್ಲೇ ನಿಲ್ಲದೆ ಖನಿಜ ಫಾಸ್ಫೇಟನ್ನೂ ಸೇರಿಸಿ 1842ರಲ್ಲಿ ಪೇಟೆಂಟ್ ಪಡೆದ, ಮರುವರ್ಷ ಥೇಮ್ಸ್ ದಡದ ಡೆಟ್‌ಫರ್ಡ್‌ನಲ್ಲಿ ಕಾರ್ಖಾನೆ ತೆರೆದ. ಸೂಪರ್‌ಫಾಸ್ಫೇಟ್ ಎಂಬ ಹೆಸರು ಅಲ್ಲಿಂದ ಬಂತು. ಲಾಸ್‌ನನ್ನು ನಾನು ಮೆಚ್ಚುವುದು ಕಾರ್ಖಾನೆಗಾಗಿ ಅಲ್ಲ. ಗಳಿಸಿದ ದುಡ್ಡನ್ನು ಅವನು ಮತ್ತೆ ಹೊಲಕ್ಕೇ ಹಾಕಿದ. 1843ರಲ್ಲಿ ಜೋಸೆಫ್ ಹೆನ್ರಿ ಗಿಲ್ಬರ್ಟ್ ಎಂಬ ರಸಾಯನಜ್ಞನ ಜೊತೆ ಸೇರಿ ಅವನು ಶುರುಮಾಡಿದ ಬ್ರಾಡ್‌ಬಾಕ್ ಗೋಧಿ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಒಂದು ಪಟ್ಟಿಗೆ ಏನೂ ಹಾಕದೆ, ಒಂದಕ್ಕೆ ಕೊಟ್ಟಿಗೆ ಗೊಬ್ಬರ, ಇನ್ನುಳಿದವಕ್ಕೆ ಬೇರೆ ಬೇರೆ ಲವಣ ಹಾಕಿ ನೂರೆಂಬತ್ತು ವರ್ಷಗಳಿಂದ ಇಳುವರಿ ಬರೆದಿಡುತ್ತ ಬಂದಿದ್ದಾರೆ.

ಅದೇ ಕಾಲದಲ್ಲಿ ಭಾರತದ ಮೂಳೆ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು. ಬ್ರಿಟಿಷ್ ಸರ್ಕಾರ ಕರೆಸಿದ್ದ ಕೃಷಿ ರಸಾಯನಜ್ಞ ಜೆ.ಎ. ವೋಲ್ಕರ್ 1893ರ ತನ್ನ ವರದಿಯಲ್ಲಿ ಈ ರಫ್ತಿನ ಪ್ರಶ್ನೆಯನ್ನು ಎತ್ತಿದ್ದ. ಈ ನೆಲದ ರಂಜಕ ಹಾಗೆ ಹೊರಟು ಹೋಯಿತು. ನಮ್ಮಲ್ಲಿ ಸೂಪರ್‌ಫಾಸ್ಫೇಟ್ ತಯಾರಿ ಮೊದಲಾದದ್ದು 1906ರಲ್ಲಿ, ತಮಿಳುನಾಡಿನ ರಾಣಿಪೇಟೆಯಲ್ಲಿ, ಪ್ಯಾರಿ ಕಂಪನಿಯ ಕಾರ್ಖಾನೆಯಲ್ಲಿ. ಭಾರತದ ರಾಸಾಯನಿಕ ಗೊಬ್ಬರ ಉದ್ಯಮದ ಮೊದಲ ಹೆಜ್ಜೆಯೂ ಅದೇ.

ಆಮ್ಲದ ತೊಟ್ಟಿಯಿಂದ ಕಾಳಿನವರೆಗೆ

ಲಾಸ್‌ನ ವಿಧಾನ ಸರಳ. ಕಲ್ಲಿನ ಪುಡಿಗೆ ಆಮ್ಲ ಬೆರೆಸಿ, ಕುದಿದು ಗಟ್ಟಿಯಾದದ್ದನ್ನು ಕೆಲವು ವಾರ ರಾಶಿ ಹಾಕಿ ಹಣ್ಣಾಗಿಸಿ, ಪುಡಿ ಮಾಡಿ ಚೀಲಕ್ಕೆ ತುಂಬುವುದು. ಇಂದಿನ ಸಿಂಗಲ್ ಸೂಪರ್ ಫಾಸ್ಫೇಟ್ ಕೂಡ ಹೀಗೇ ಆಗುತ್ತದೆ. ಇದರಲ್ಲಿ ಜಿಪ್ಸಂ ಗೊಬ್ಬರದೊಳಗೇ ಉಳಿಯುತ್ತದೆ. ಹಾಗಾಗಿ ರಂಜಕ ಶೇ 16 ಮಾತ್ರ. ಆದರೆ ಜೊತೆಗೆ ಶೇ 11ರಷ್ಟು ಗಂಧಕ, ಬೇಕಾದಷ್ಟು ಸುಣ್ಣ.

ಡಿಎಪಿಗೆ ಹೊರಟರೆ ದಾರಿ ಉದ್ದ. ಇಲ್ಲಿ ಜಿಪ್ಸಂ ಅನ್ನು ಬೇರ್ಪಡಿಸಿ ಹೊರಗೆ ಹಾಕಿ, ಅಪ್ಪಟ ಫಾಸ್ಫಾರಿಕ್ ಆಮ್ಲವನ್ನು ತೆಗೆಯಬೇಕು. ಹಿಟ್ಟಿನಂತೆ ಅರೆದ ಶಿಲೆಯನ್ನು ದೊಡ್ಡ ತೊಟ್ಟಿಗೆ ಬಿಡುತ್ತಾರೆ. ಅಲ್ಲಿ ಎಪ್ಪತ್ತು ಎಂಬತ್ತು ಡಿಗ್ರಿ ಬಿಸಿಯಲ್ಲಿ ಗಂಧಕಾಮ್ಲದ ಜೊತೆ ಅದನ್ನು ಗಂಟೆಗಟ್ಟಲೆ ಕಲಕುತ್ತಲೇ ಇರಬೇಕು. ಸುಣ್ಣ ಗಂಧಕಾಮ್ಲದ ಕಡೆ ವಾಲಿ ಜಿಪ್ಸಂ ಆಗುತ್ತದೆ, ರಂಜಕ ಬಿಡುಗಡೆಯಾಗಿ ಆಮ್ಲವಾಗುತ್ತದೆ. ಕೇಳಲು ಸುಲಭ, ಆದರೆ ಕಾರ್ಖಾನೆಯ ನಿಪುಣರ ಕಣ್ಣೆಲ್ಲ ಜಿಪ್ಸಂ ಹರಳಿನ ಮೇಲೆಯೇ ಇರುತ್ತದೆ. ಹರಳು ದೊಡ್ಡದಾಗಿ, ಒಂದೇ ಸಮನಾಗಿ ಬೆಳೆದರೆ ಸೋಸುವ ಬಟ್ಟೆಯ ಮೇಲೆ ನಿಂತು ಆಮ್ಲವನ್ನು ಸರಾಗವಾಗಿ ಇಳಿಯಬಿಡುತ್ತದೆ. ಸಣ್ಣ ಸೂಜಿಗಳಾದರೆ ಬಟ್ಟೆ ಕಟ್ಟಿಕೊಳ್ಳುತ್ತದೆ, ಆಮ್ಲ ಕೆಸರಿನಲ್ಲೇ ಸಿಕ್ಕಿಬೀಳುತ್ತದೆ. ಗಂಧಕಾಮ್ಲ ಒಂದಿಷ್ಟು ಹೆಚ್ಚಾದರೆ ಕಲ್ಲಿನ ಕಣದ ಸುತ್ತ ಜಿಪ್ಸಂ ಪೊರೆ ಕಟ್ಟಿ ಒಳಗಿನ ರಂಜಕ ಕರಗದೆ ಉಳಿಯುತ್ತದೆ. ಕಡಿಮೆಯಾದರೆ ರಂಜಕವೇ ಹರಳಿನೊಳಗೆ ಸೇರಿ ವ್ಯರ್ಥವಾಗುತ್ತದೆ. ಶಿಲೆ ಮೊರಾಕೊದ್ದೋ ಜೋರ್ಡಾನಿನದೋ ಈಜಿಪ್ಟಿನದೋ ಎಂಬುದರ ಮೇಲೆ ಈ ತೂಕವೂ ಬದಲಾಗುತ್ತದೆ.

ಸೋಸಿ ಬಂದ ಆಮ್ಲ ತೆಳು. ಅದನ್ನು ನಿರ್ವಾತದಲ್ಲಿ ಕುದಿಸಿ ನೀರು ತೆಗೆದಾಗ ಪಾಕದಂತೆ ದಪ್ಪಗಾಗುತ್ತದೆ. ಶಿಲೆಯಲ್ಲಿದ್ದ ಸಾವಯವ ಅಂಶ ಉಳಿದಿದ್ದರೆ ಕಂದುಗಪ್ಪು, ಶಿಲೆಯನ್ನು ಮೊದಲೇ ಸುಟ್ಟಿದ್ದರೆ ಹಸಿರು. ಡಿಎಪಿ ಕಾಳು ಒಮ್ಮೆ ಕಪ್ಪು, ಒಮ್ಮೆ ಕಂದು, ಒಮ್ಮೆ ಬೂದು ಆಗಿ ಬರುವುದಕ್ಕೆ ಇಂಥ ಕಾರಣಗಳಿವೆ. ಕಪ್ಪು ಕಾಳೇ ಕಸುವಿನದು ಎಂಬ ನಂಬಿಕೆ ಅನೇಕ ರೈತರಲ್ಲಿದೆ. ಕಸುವು ಬಣ್ಣದಲ್ಲಿಲ್ಲ. ಅಸಲಿಯೋ ನಕಲಿಯೋ ನೋಡಬೇಕಿದ್ದರೆ ನಾಲ್ಕು ಕಾಳನ್ನು ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಬಹುದು. ಮೂಗಿಗೆ ಅಮೋನಿಯಾದ ಘಾಟು ಹೊಡೆದರೆ ಕಾಳಿನಲ್ಲಿ ಅಮೋನಿಯಂ ಇದೆ ಎಂದು ತಿಳಿಯಬಹುದು. ಪ್ರಯೋಗಾಲಯದ ಮಾತನ್ನು ಇದು ಮೀರಲಾರದು, ಆದರೆ ಮಣ್ಣಿನ ಉಂಡೆಗೆ ಬಣ್ಣ ಬಳಿದು ತಂದವನನ್ನು ಅಲ್ಲೇ ಹಿಡಿಯುತ್ತದೆ.

ಕರ್ನಾಟಕದಲ್ಲಿ ಈ ಕೆಲಸದ ಕೊನೆಯ ಅರ್ಧ ನಡೆಯುವುದು ಮಂಗಳೂರಿನ ಪಣಂಬೂರಿನಲ್ಲಿ. ಅಲ್ಲಿನ ಎಂಸಿಎಫ್ ಕಾರ್ಖಾನೆಯ ಪಕ್ಕದಲ್ಲೇ ನವಮಂಗಳೂರು ಬಂದರು. ಫಾಸ್ಫಾರಿಕ್ ಆಮ್ಲ ಹೊರದೇಶದಿಂದ ಹಡಗಿನ ಟ್ಯಾಂಕುಗಳಲ್ಲಿ ಬರುತ್ತದೆ. ಅದಕ್ಕೆ ಬೆರೆಸಬೇಕಾದದ್ದು ಅಮೋನಿಯಾ. ಇಲ್ಲಿ ಒಂದು ಸೊಗಸಾದ ಸೂತ್ರವಿದೆ. ಆಮ್ಲಕ್ಕೆ ಅಮೋನಿಯಾವನ್ನು ಒಂದೇ ಸಲಕ್ಕೆ ಪೂರ್ತಿ ಕೊಟ್ಟರೆ ತೊಟ್ಟಿಯಲ್ಲೇ ಗಟ್ಟಿ ಕಟ್ಟಿಕೊಳ್ಳುತ್ತದೆ. ಅಣುಗಳ ಎಣಿಕೆಯಲ್ಲಿ ಒಂದು ಪಾಲು ಆಮ್ಲಕ್ಕೆ 1.4 ಪಾಲಿನಷ್ಟು ಅಮೋನಿಯಾ ಎಂಬ ಅಳತೆಯಲ್ಲಿ ಈ ಲವಣ ಅತಿ ಹೆಚ್ಚು ಕರಗುತ್ತದೆ. ಆದ್ದರಿಂದ ಮೊದಲ ತೊಟ್ಟಿಯಲ್ಲಿ ಅಲ್ಲಿಗೇ ನಿಲ್ಲಿಸಿ, ಬಿಸಿ ಗಂಜಿಯಾಗಿರುವಾಗಲೇ ಅದನ್ನು ತಿರುಗುವ ದೊಡ್ಡ ಉರುಳೆಯೊಳಗೆ ಚಿಮುಕಿಸುತ್ತಾರೆ. ಉಳಿದ ಅಮೋನಿಯಾ ಸಿಗುವುದು ಉರುಳೆಯೊಳಗೆ. ಅದು ಸೇರುತ್ತಿದ್ದಂತೆ ಕರಗುವ ಗುಣ ಇಳಿಯುತ್ತದೆ, ಗಂಜಿ ಗಟ್ಟಿಯಾಗುತ್ತದೆ.

ಉರುಳೆಯಲ್ಲಿ ಆಗುವುದನ್ನು ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಿಲ್ಲ. ಸಂಕ್ರಾಂತಿಗೆ ಕುಸುರೆಳ್ಳು ಮಾಡುವಾಗ ಬಿಸಿ ತಟ್ಟೆಯಲ್ಲಿ ಎಳ್ಳು ಹಾಕಿ, ಸಕ್ಕರೆ ಪಾಕವನ್ನು ಚಮಚ ಚಮಚವೇ ಬಿಟ್ಟು, ಬೆರಳಲ್ಲಿ ಆಡಿಸುತ್ತ ಆಡಿಸುತ್ತ ಪೊರೆಯ ಮೇಲೆ ಪೊರೆ ಕಟ್ಟಿಸುತ್ತಾರಲ್ಲ, ಹಾಗೆಯೇ. ಹಿಂದಿನ ಸುತ್ತಿನಲ್ಲಿ ಉಳಿದ ಸಣ್ಣ ಕಾಳು, ಪುಡಿಗಳೇ ಇಲ್ಲಿ ಎಳ್ಳು. ಉರುಳೆಯಿಂದ ಇಳಿದದ್ದನ್ನು ಒಣಗಿಸಿ ಜರಡಿ ಹಿಡಿಯುತ್ತಾರೆ. ದಪ್ಪನೆಯದು ಗಿರಣಿಗೆ, ಸಣ್ಣದು ಮತ್ತೆ ಉರುಳೆಗೆ. ಚೀಲಕ್ಕೆ ಹೋಗುವ ಪ್ರತಿ ಟನ್ನಿಗೆ ಹಲವು ಟನ್ ಹೀಗೆ ಒಳಗೊಳಗೇ ಸುತ್ತುತ್ತಿರುತ್ತದೆ. ಈ ಉರುಳೆಯ ವಿಧಾನವನ್ನು ರೂಪಿಸಿದ್ದು ಅಮೆರಿಕದ ಟೆನೆಸಿ ಕಣಿವೆ ಪ್ರಾಧಿಕಾರದ ಎಂಜಿನಿಯರುಗಳು, 1950–60ರ ದಶಕಗಳಲ್ಲಿ. ಹಸಿರು ಕ್ರಾಂತಿಯ ಹೊತ್ತಿಗೆ ಡಿಎಪಿ ಲೋಕದ ತುಂಬ ಹರಡಲು ಅದು ದಾರಿ ಮಾಡಿತು.

ಬಿಟ್ಟು ಬಂದದ್ದು

ಆಮ್ಲವನ್ನು ಮಾತ್ರ ತರಿಸಿಕೊಂಡಾಗ ಜಿಪ್ಸಂ ಆಚೆಯ ದಡದಲ್ಲೇ ಉಳಿಯುತ್ತದೆ. ಒಂದು ಟನ್ ರಂಜಕದ ಆಕ್ಸೈಡಿಗೆ ಐದು ಟನ್ ಜಿಪ್ಸಂ ಎಂಬುದು ಈ ಉದ್ಯಮದಲ್ಲಿ ಎಲ್ಲರೂ ಒಪ್ಪುವ ಲೆಕ್ಕ. ಕಡಲ ಶಿಲೆಯಲ್ಲಿ ರಂಜಕದ ಜೊತೆ ಒಂದಿಷ್ಟು ಯುರೇನಿಯಂ ಸೇರಿರುತ್ತದೆ. ಅದರಿಂದ ಹುಟ್ಟುವ ರೇಡಿಯಂ ಜಿಪ್ಸಂನ ಪಾಲಿಗೆ ಬರುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಈ ಕಾರಣಕ್ಕೆ ಅದನ್ನು ಬಳಸಲು ಬಿಡದೆ ಗುಡ್ಡ ಹಾಕಿಸಿದ್ದಾರೆ. ಅಲ್ಲಿ ಅಂಥ ಗುಡ್ಡಗಳಲ್ಲಿ ನೂರು ಕೋಟಿ ಟನ್ನಿನಷ್ಟು ಕೂತಿದೆ. ಗುಡ್ಡದ ನೆತ್ತಿಯಲ್ಲಿ ಆಮ್ಲ ಬೆರೆತ ನೀರಿನ ಕೊಳ. 2021ರಲ್ಲಿ ಪೈನಿ ಪಾಯಿಂಟ್ ಎಂಬಲ್ಲಿ, ಮುಚ್ಚಿಹೋಗಿದ್ದ ಕಾರ್ಖಾನೆಯ ಕೊಳ ಸೋರಲು ಶುರುವಾಯಿತು. ಕಟ್ಟೆ ಒಡೆದೀತೆಂದು ನೂರಾರು ಮನೆಗಳ ಜನರನ್ನು ಸ್ಥಳಾಂತರಿಸಿ, 80 ಕೋಟಿ ಲೀಟರಿಗೂ ಹೆಚ್ಚು ನೀರನ್ನು ಟ್ಯಾಂಪಾ ಕೊಲ್ಲಿಗೆ ಬಿಡಬೇಕಾಯಿತು. ನಮ್ಮಲ್ಲಿ ಈ ಜಿಪ್ಸಂ ಸಿಮೆಂಟಿಗೆ, ಸವಳು ನೆಲದ ಸುಧಾರಣೆಗೆ, ಕೆಲವೆಡೆ ರಸ್ತೆಗೆ ಹೋಗುತ್ತದೆ. ಆದರೂ ಒಡಿಶಾದ ಪಾರಾದೀಪದಲ್ಲಿ ಗುಡ್ಡಗಳು ಎದ್ದಿವೆ.

ಪಾರಾದೀಪದ ಹೆಸರು ಬಂದಾಗ ನನಗೆ ನೌರು ನೆನಪಾಗದೆ ಇರುವುದಿಲ್ಲ. ಶಾಂತ ಸಾಗರದ ನಡುವೆ ಕೇವಲ 21 ಚದರ ಕಿಲೋಮೀಟರಿನ ದ್ವೀಪ. 1907ರಿಂದ ಅದರ ಫಾಸ್ಫೇಟನ್ನು ಅಗೆದು ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಹುಲ್ಲುಗಾವಲಿಗೆ ಹಾಕಿದರು. 1968ರಲ್ಲಿ ಸ್ವತಂತ್ರವಾದ ಮೇಲೆ ನೌರು ಅದೇ ಕಲ್ಲನ್ನು ಮಾರಿ, ತಲಾ ಆದಾಯದಲ್ಲಿ ಲೋಕದ ಸಿರಿವಂತ ದೇಶಗಳ ಸಾಲಿಗೆ ಸೇರಿತು. 1981ರಲ್ಲಿ ಪಾರಾದೀಪ್ ಫಾಸ್ಫೇಟ್ಸ್ ಹುಟ್ಟಿದ್ದು ಭಾರತ ಸರ್ಕಾರ ಮತ್ತು ಇದೇ ನೌರು ದೇಶದ ಜಂಟಿ ಉದ್ಯಮವಾಗಿ. ಆಮೇಲೆ ಕಲ್ಲು ಮುಗಿಯುತ್ತ ಬಂತು, ದುಡ್ಡೂ ಕರಗಿತು, 1990ರ ದಶಕದಲ್ಲಿ ನೌರು ಕಂಪನಿಯಿಂದ ಹೊರಬಂತು. ದ್ವೀಪದ ಹೆಚ್ಚಿನ ಭಾಗ ಇವತ್ತು ಸುಣ್ಣದ ಕಲ್ಲಿನ ಚೂಪು ಕಂಬಗಳ ಬಯಲು, ಅಲ್ಲಿ ಮನೆ ಕಟ್ಟಲೂ ಬಾರದು, ಬೆಳೆ ತೆಗೆಯಲೂ ಬಾರದು. 2002ರಲ್ಲಿ ಪಾರಾದೀಪಕ್ಕೆ ನೌರುವಿನ ಜಾಗದಲ್ಲಿ ಮೊರಾಕೊದ ಒಸಿಪಿ ಪಾಲುದಾರನಾಗಿ ಬಂತು. ನಮ್ಮ ಎಂಸಿಎಫ್ ಅನ್ನು ಇದೇ ಪಾರಾದೀಪ್ ಕಂಪನಿಯೊಡನೆ ಕೂಡಿಸುವ ನಿರ್ಧಾರ 2024ರಲ್ಲಿ ಹೊರಬಿತ್ತು. ಪಣಂಬೂರಿನ ಕಾಳಿನ ವಂಶಾವಳಿ ಅಷ್ಟು ದೂರದವರೆಗೆ ಹರಡಿಕೊಂಡಿದೆ.

ದೂರದ ಗಣಿಯ ಬೆಲೆ ಇಲ್ಲಿನ ಬೀದಿಗೆ ಹೇಗೆ ಬಂದು ನಿಲ್ಲುತ್ತದೆ ಎಂಬುದನ್ನು ಹಾವೇರಿ ಕಂಡಿದೆ. 2007ರ ಆರಂಭದಲ್ಲಿ ಟನ್ನಿಗೆ 50 ಡಾಲರಿನ ಒಳಗಿದ್ದ ಫಾಸ್ಫೇಟ್ ಶಿಲೆ 2008ರ ನಡುವಿನಲ್ಲಿ 400 ಡಾಲರ್ ದಾಟಿತು. ಡಿಎಪಿ ಸಾವಿರ ಡಾಲರ್ ಮುಟ್ಟಿತು. ಚೀನಾ ತನ್ನ ರಫ್ತಿನ ಮೇಲೆ ಭಾರಿ ಸುಂಕ ಹಾಕಿತು. ಆ ಮುಂಗಾರಿನಲ್ಲಿ ಕರ್ನಾಟಕದಲ್ಲಿ ಗೊಬ್ಬರಕ್ಕೆ ಹಾಹಾಕಾರ. ಜೂನ್ 10ರಂದು ಹಾವೇರಿಯಲ್ಲಿ ರೊಚ್ಚಿಗೆದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ದಾಸ್ತಾನು, ವಿತರಣೆ, ರಾಜಕೀಯ ಎಂದು ಸ್ಥಳೀಯ ಕಾರಣಗಳು ಎಷ್ಟಿದ್ದರೂ, ಬಿತ್ತುವ ಗೊಬ್ಬರ ಕೇಳಲು ಬಂದವರು ಹೆಣವಾಗಿ ಮನೆಗೆ ಹೋದದ್ದನ್ನು ಈ ನಾಡು ಮರೆಯಬಾರದು.

2021ರಲ್ಲಿ ಬೆಲೆ ಮತ್ತೆ ಏರಿದಾಗ ಕೇಂದ್ರ ಸರ್ಕಾರ ಡಿಎಪಿ ಚೀಲವೊಂದರ ಸಹಾಯಧನವನ್ನು 500 ರೂಪಾಯಿಯಿಂದ 1,200 ರೂಪಾಯಿಗೆ ಹೆಚ್ಚಿಸಬೇಕಾಯಿತು. ಅದೇ ವರ್ಷ ಚೀನಾ ಮತ್ತೆ ರಫ್ತಿಗೆ ಕಡಿವಾಣ ಹಾಕಿತು. ಎಲೆಕ್ಟ್ರಿಕ್ ವಾಹನಗಳ ಎಲ್‌ಎಫ್‌ಪಿ (ಲಿಥಿಯಂ-ಕಬ್ಬಿಣ-ಫಾಸ್ಫೇಟ್) ಬ್ಯಾಟರಿಗೂ ಈಗ ಫಾಸ್ಫಾರಿಕ್ ಆಮ್ಲ ಬೇಕು. ಹೊಲಕ್ಕೆ ಬರುವ ರಂಜಕಕ್ಕೆ ಹೊಸ ಪಾಲುದಾರ ಹುಟ್ಟಿದಂತಾಗಿದೆ.

ಮಣ್ಣಿನ ಲೆಕ್ಕ

ಇಷ್ಟು ಪಾಡುಪಟ್ಟು ತಂದ ಕಾಳು ನೆಲಕ್ಕೆ ಬಿದ್ದ ಮೇಲೆ ಆಗುವುದೇನು? ಮೊದಲ ಬೆಳೆಗೆ ದಕ್ಕುವುದು ಹಾಕಿದ ರಂಜಕದ ಐದರಲ್ಲಿ ಒಂದು ಪಾಲು, ಎಷ್ಟೋ ಕಡೆ ಅಷ್ಟೂ ಇಲ್ಲ. ಗದಗ, ರಾಯಚೂರು, ವಿಜಯಪುರದ ಎರೆಭೂಮಿಯಲ್ಲಿ ಸುಣ್ಣ ಸಮೃದ್ಧ. ಕರಗಿದ ರಂಜಕವನ್ನು ಆ ಸುಣ್ಣ ಮತ್ತೆ ಹಿಡಿದುಕೊಳ್ಳುತ್ತದೆ. ಕಾರ್ಖಾನೆ ಯಾವ ಕೈಯಿಂದ ಅದನ್ನು ಬಿಡಿಸಿ ತಂದಿತೋ ಅದೇ ಕೈಗೆ ನೆಲ ಅದನ್ನು ಒಪ್ಪಿಸುತ್ತದೆ. ಮಲೆನಾಡು, ಕರಾವಳಿಯ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಸುಣ್ಣದ ಬದಲು ಕಬ್ಬಿಣ, ಅಲ್ಯೂಮಿನಿಯಂ ಈ ಕೆಲಸ ಮಾಡುತ್ತವೆ.

ಹಾಗೆ ಸಿಕ್ಕಿಬಿದ್ದ ರಂಜಕ ಹಾಳಾಗಿ ಹೋಗಿಲ್ಲ, ಅಲ್ಲೇ ಇದೆ. ವರ್ಷ ವರ್ಷವೂ ಚೀಲ ಸುರಿದ ನೀರಾವರಿ ಹೊಲಗಳಲ್ಲಿ ಅದು ಕೂಡಿಕೊಂಡಿದೆ. ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಎರೆಮಣ್ಣಿನ ಮಾದರಿಯನ್ನು ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಲ್ಲಿ ಅರ್ಧ ಗಂಟೆ ಅಲುಗಾಡಿಸಿ, ಸೋಸಿ, ಮಾಲಿಬ್ಡೇಟ್ ಸೇರಿಸಿದಾಗ ನೀಲಿ ಬಣ್ಣ ಏರುತ್ತದೆ. ತೆಳು ನೀಲಿ ಬಂದರೆ ರಂಜಕ ಕಡಿಮೆ, ಗಾಢ ನೀಲಿ ಬಂದರೆ ಸಾಕಷ್ಟಿದೆ. ಗಾಢ ನೀಲಿ ಬಂದ ಹೊಲದವನೂ ಡಿಎಪಿ ಸಾಲಿನಲ್ಲಿ ನಿಂತಿರುತ್ತಾನೆ. ಅವನ ಕೈಯಲ್ಲಿರುವ ಮಣ್ಣಿನ ಚೀಟಿಯನ್ನು ಓದಿ ಹೇಳುವವರು ಯಾರೂ ಇಲ್ಲದಿರುವುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ. ರಂಜಕ ಅತಿಯಾದ ಕಡೆ ಸತುವು ಬೆಳೆಗೆ ದಕ್ಕುವುದಿಲ್ಲ. ಎಲೆ ಬಿಳಿಚಿಕೊಂಡಾಗ ಇನ್ನೊಂದು ಚೀಲ ಡಿಎಪಿ ಹಾಕಿದರೆ ರೋಗ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. 2009ರಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ನೆರವಿನೊಂದಿಗೆ ಶುರುವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಮಳೆಯಾಶ್ರಿತ ಹೊಲಗಳ ಮಣ್ಣು ಪರೀಕ್ಷಿಸಿದಾಗ ಎದ್ದು ಕಂಡದ್ದು ಗಂಧಕ, ಸತು, ಬೋರಾನ್‌ಗಳ ಕೊರತೆ. ಡಿಎಪಿ ಕಾಳಿನಲ್ಲಿ ಇವು ಮೂರೂ ಇಲ್ಲ.

ಗಂಧಕದ ಮಾತು ಬಂದಾಗ ಸೂಪರ್ ಫಾಸ್ಫೇಟಿನ ಪರ ನಾನು ನಿಲ್ಲುತ್ತೇನೆ. ಒಂದು ಚೀಲ ಡಿಎಪಿಯ ಕೆಲಸವನ್ನು ಮೂರು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್ ಮತ್ತು 20 ಕಿಲೋ ಯೂರಿಯಾ ಮಾಡುತ್ತವೆ. ಶೇಂಗಾ, ಸೂರ್ಯಕಾಂತಿಯಂಥ ಎಣ್ಣೆಕಾಳಿಗೆ ಅದರ ಗಂಧಕ, ಸುಣ್ಣಗಳು ಮೇಲುಲಾಭ. ಮೂರು ಚೀಲ ಹೊರುವ ಕೂಲಿ, ಸಾಗಣೆಯ ಖರ್ಚು ರೈತನನ್ನು ಹಿಂಜರಿಸುತ್ತದೆ ನಿಜ. ಕೂಲಿ ಸಿಗದ ಊರಿನಲ್ಲಿ ಅದು ಸಣ್ಣ ಮಾತಲ್ಲ. ಆದರೆ ಡಿಎಪಿಗಾಗಿ ಹದ ಕಳೆದುಕೊಳ್ಳುವುದಕ್ಕಿಂತ ಶೇಂಗಾ ಹೊಲಕ್ಕೆ ಇದೇ ಮೇಲು.

ರಂಜಕ ಮಣ್ಣಿನಲ್ಲಿ ನಡೆದಾಡುವುದಿಲ್ಲ, ಬಿದ್ದ ಜಾಗದಿಂದ ಅದು ಹೋಗುವುದು ಮಿಲಿಮೀಟರುಗಳ ಲೆಕ್ಕದಲ್ಲಿ. ಎರಚುವ ಬದಲು ಬೀಜದ ಪಕ್ಕಕ್ಕೆ, ತುಸು ಕೆಳಕ್ಕೆ ಇಳಿಸಬೇಕು ಎನ್ನುವುದು ಅದಕ್ಕೇ. ಬೇರಿನ ನಿಲುಕಿಗೆ ಮೀರಿದ ರಂಜಕವನ್ನು ತರಲು ಶಿಲೀಂಧ್ರಗಳಿವೆ. ಬೇರಿನೊಳಗೆ ನೆಲೆಸಿ, ಕೂದಲಿಗಿಂತ ತೆಳ್ಳನೆಯ ಎಳೆಗಳನ್ನು ಮಣ್ಣಿಗೆ ಚಾಚುವ ಮೈಕೊರೈಜಾ ಕುರಿತು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಕೆಲಸ ಮಾಡಿದ್ದಾರೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳೂ ಪೊಟ್ಟಣದಲ್ಲಿ ಸಿಗುತ್ತವೆ. ಅವು ಮಾಡುವುದೂ ಆಮ್ಲ ಸುರಿಸುವ ಕೆಲಸವೇ. ಕೊಟ್ಟಿಗೆ ಗೊಬ್ಬರವಿಲ್ಲದ ಬೆಂಗಾಡು ನೆಲದಲ್ಲಿ ಅವು ಬದುಕುವುದು ಕಷ್ಟ.

ಮಲೆನಾಡಿನ ತೋಟಗಳಿಗೆ ಇನ್ನೊಂದು ಅನುಕೂಲವಿದೆ. ಅಲ್ಲಿಯ ಮಣ್ಣು ತಾನೇ ಹುಳಿ. ಹುಳಿ ಮಣ್ಣಿನಲ್ಲಿ ಶಿಲೆಯ ಪುಡಿ ಹಾಗೆಯೇ ನಿಧಾನವಾಗಿ ಕರಗುತ್ತದೆ, ಗಂಧಕಾಮ್ಲವೂ ಬೇಡ, ಜಿಪ್ಸಂ ಗುಡ್ಡವೂ ಬೇಡ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರು ರಾಕ್ ಫಾಸ್ಫೇಟ್ ಬಳಸುತ್ತ ಬಂದಿರುವುದು ಈ ಕಾರಣಕ್ಕೆ. ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 40 ಗ್ರಾಂ ರಂಜಕ ಬೇಕೆಂದು ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. 200 ಗ್ರಾಂ ಶಿಲೆಯ ಪುಡಿ ಅದನ್ನು ಪೂರೈಸುತ್ತದೆ. ಅದೇ ಪುಡಿಯನ್ನು ರಾಯಚೂರಿನ ಎರೆಹೊಲಕ್ಕೆ ಎರಚಿದರೆ ಕಲ್ಲಿನ ಮೇಲೆ ಕಲ್ಲು ಹಾಕಿದಂತೆ. ಅಲ್ಲಿ ತಿಪ್ಪೆಯಲ್ಲಿ ಬೆರೆಸಿ, ಕೊಳೆಸಿ, ಸೂಕ್ಷ್ಮಜೀವಿಗಳ ಆಮ್ಲದಲ್ಲಿ ಹಣ್ಣಾಗಿಸಿ ಹಾಕಬೇಕು. ಮಲೆನಾಡಿನ ತೋಟದವನಿಗೂ ಬಯಲುಸೀಮೆಯ ಹೊಲದವನಿಗೂ ಒಂದೇ ಡಿಎಪಿ ಚೀಲವನ್ನು ತೋರಿಸುತ್ತ ಬಂದಿದ್ದೇವೆ. ಯಾವ ಮಣ್ಣಿಗೆ ಕಾರ್ಖಾನೆಯ ಆಮ್ಲ ಬೇಕು, ಯಾವ ಮಣ್ಣಿಗೆ ಬೇಡ ಎಂಬುದನ್ನು ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರದಲ್ಲಿ ಮುಂಗಾರಿಗೆ ಮೊದಲೇ ಗೋಡೆಯ ಮೇಲೆ ಬರೆದು ಹಾಕುವುದಕ್ಕೆ ಹಡಗು ಬರುವವರೆಗೆ ಕಾಯಬೇಕಿಲ್ಲ.